ಬಿದಿರಬ್ಬಿಯಲ್ಲಿ ನೀರು ಬಣ್ಣ ತಿರುಗಿದ ದಿನ

ಕಾಫಿ ಕುಯ್ಲು ಮುಗಿಯಿತು ಅಂದರೆ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಹೊಸ ತಾಪತ್ರಯ ಶುರು. ಹಣ್ಣಿನ ರಸ ಕುಡಿದು ಕುಡಿದು ಕಂಬಳಿ, ಸೊಂಟಕ್ಕೆ ಕಟ್ಟುವ ಗೋಣಿ ಎಲ್ಲ ಹಪ್ಪಳದ ಹಾಗೆ ಸೆಟೆದು ನಿಂತಿರುತ್ತವೆ. ಆ ಅಂಟಿಗೆ ಇರುವೆ ಬೇರೆ. ಹೊದ್ದುಕೊಂಡರೆ ರಾತ್ರಿಯೆಲ್ಲ ಕೆರೆತ. ಒಗೆಯೋಣ ಅಂದರೆ ಶಿವರಾತ್ರಿ ಕಳೆದ ಮೇಲೆ ಲೈನಿನ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿಲ್ಲ. ಹಾಗಾಗಿ ಹೆಂಗಸರೆಲ್ಲ ಮೂಟೆ ಹೊತ್ತುಕೊಂಡು ಕಾಡಿನೊಳಗಿನ ಅಬ್ಬಿಗೆ ಹೊರಡುತ್ತಿದ್ದರು.

ಇದು ಬಿಳಿ ದೊರೆಗಳು ಕೊಡಗು ಆಳುತ್ತಿದ್ದ ಕಾಲದ ಮಾತು. ಮಾದಾಪುರದ ಆಚೆ, ಕೋಟೆಬೆಟ್ಟದ ಬುಡದಲ್ಲಿ ಒಂದು ಎಸ್ಟೇಟು. ದೊರೆಯ ಹೆಸರು ಯಾರ ನಾಲಿಗೆಯಲ್ಲೂ ಹೊರಳುತ್ತಿರಲಿಲ್ಲ. ಅದಕ್ಕೇ ಜನ ಅದನ್ನು ಕೆಳಗಿನ ತೋಟ ಅನ್ನುತ್ತಿದ್ದರು. ಬೆಟ್ಟದ ಕಡೆಗಿದ್ದ ಇನ್ನೊಬ್ಬ ದೊರೆಯ ತೋಟಕ್ಕೆ ಮೇಲಿನ ತೋಟ ಅಂತ ಹೆಸರು. ಎರಡರ ನಡುವೆ ಕಾಡು. ಆ ಕಾಡಿನ ಹೊಟ್ಟೆಯಲ್ಲಿ ಬಿದಿರಬ್ಬಿ. ನಮ್ಮ ಕಡೆ ಅಬ್ಬಿ ಅಂದರೆ ಜಲಪಾತ, ಗೊತ್ತಲ್ಲ. ಲೈನಿನಿಂದ ಹೊರಟರೆ ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟು ದಾರಿ. ಅಷ್ಟು ಹತ್ತಿರ ಇದ್ದದ್ದಕ್ಕೇ ಯಾರಿಗೂ ಅದರ ಮೇಲೆ ಭಯ ಇರಲಿಲ್ಲ.

ಆ ಲೈನಿನಲ್ಲಿ ಮುದ್ದಿ ಅಂತ ಒಬ್ಬಳಿದ್ದಳು. ಕೊಡ್ಲಿಪೇಟೆ ಕಡೆಯವಳು. ಮದುವೆಯಾಗಿ ವರ್ಷಗಳಾಗಿದ್ದರೂ ತವರಿನ ರಾಗಿ ಹೊಲ ನೋಡಿಕೊಂಡು ಅಲ್ಲೇ ಇದ್ದವಳು. ಈ ಕುಯ್ಲಿಗೆ ಮೊದಲ ಸಲ ಮಗಳು ಚಿನ್ನಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಡನ ಲೈನಿಗೆ ಬಂದಿದ್ದಳು. ಬಂದಾಗಿನಿಂದ ಪಾಪ, ಅವಳಿಗೆ ಯಾವುದೂ ನೆಟ್ಟಗೆ ಅರ್ಥವಾಗುತ್ತಿರಲಿಲ್ಲ. ಲೆಕ್ಕ ಬರೆಯುವ ರೈಟರ್ ಒಂದು ಹೇಳುತ್ತಾನೆ, ಮೇಸ್ತ್ರಿ ಇನ್ನೊಂದು ಹೇಳುತ್ತಾನೆ. ಒಬ್ಬರು ಮಲಯಾಳದಲ್ಲಿ ಬೈದರೆ ಇನ್ನೊಬ್ಬರು ತಮಿಳಿನಲ್ಲಿ ಸಮಾಧಾನ ಮಾಡುತ್ತಾರೆ. ಊರಲ್ಲಿ ಬೇಸಿಗೆಯ ಗುಡುಗು ಕೇಳಿದರೆ ಕಣದ ರಾಶಿ ನೆನೆಯಿತು ಅಂತ ಜನ ಹೌಹಾರುತ್ತಿದ್ದರು. ಇಲ್ಲಿ ಅದೇ ಗುಡುಗಿಗೆ ಜನ ಕೈ ಮುಗಿಯುತ್ತಾರೆ. ಆ ಮಳೆ ಬಿದ್ದರೇ ಕಾಫಿ ಹೂ ಬಿಡುವುದಂತೆ, ಅದಕ್ಕೆ ಅದರ ಹೆಸರೇ ಹೂಮಳೆಯಂತೆ. ಮುದ್ದಿ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಒಳಗೊಳಗೇ ತಲೆ ಗಿರ್ರೆನ್ನುತ್ತಿತ್ತು.

ಅವಳ ಅತ್ತೆ ರುದ್ರಮ್ಮನಿಗೆ ಈ ಗೊಂದಲಗಿಂದಲ ಯಾವುದೂ ಇಲ್ಲ. ಆ ತೋಟದಲ್ಲೇ ಹಣ್ಣು ಕುಯ್ದು ಕುಯ್ದು ಕೂದಲು ಬೆಳ್ಳಗಾದವಳು. ಅವಳಿಗೆ ಗೊತ್ತಿಲ್ಲ ಅನ್ನುವ ವಿಷಯವನ್ನು ದೇವರು ಇನ್ನೂ ಹುಟ್ಟಿಸಿರಲಿಲ್ಲ.

ಲೈನಿನ ಉಳಿದವರೆಲ್ಲ ಹಿಂದಿನ ಭಾನುವಾರವೇ ಕಂಬಳಿ ಒಗೆದು ಬಂದಿದ್ದರು. ರುದ್ರಮ್ಮನಿಗೆ ಆಗ ಜ್ವರ. ಹಾಗಾಗಿ ಈ ಭಾನುವಾರ ಅವಳು, ಅವಳ ಮಗಳು ಸೋಮಿ, ಸೊಸೆ ಮುದ್ದಿ, ಮೊಮ್ಮಗಳು ಚಿನ್ನಿ, ಇಷ್ಟೇ ಜನ ಹೊರಟರು.

ಹೊರಡುವಾಗ ಮುದ್ದಿ ಗಂಡ ಕೆಂಚನನ್ನು ಕೇಳಿದಳು. ಅವನು ತೋಟದ ಪಲ್ಪರ್ ಮನೆಯಲ್ಲಿ ಕೆಲಸಕ್ಕಿದ್ದ. ಪಲ್ಪರ್ ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದು ತಿರುಗಿದ ದಿನ ಸಿಪ್ಪೆ ತೊಳೆದ ಕಂದು ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು.

"ಇವತ್ತು ಕೊಳೆ ನೀರು ಬರಲ್ಲ ತಾನೇ?"

"ನಮ್ಮ ಪಲ್ಪರ್ ನಿಂತು ಎಷ್ಟೋ ದಿನ ಆಯ್ತು ಕಣೇ," ಅಂದ ಕೆಂಚ. "ಅಬ್ಬಿಗೆ ಬರೋದು ಮೇಲಿನ ತೋಟದ್ದು. ಅಲ್ಲಿ ಮುಗೀತು ಅಂತ ಒಬ್ಬ ಅಂದ. ಕೊನೇ ಹಣ್ಣು ಇನ್ನೂ ಇದೆ ಅಂತ ಇನ್ನೊಬ್ಬ ಅಂದ. ಯಾರಿಗೆ ಗೊತ್ತು?"

ಮುದ್ದಿಗೆ ಅಲ್ಲಿಂದಲೇ ತಲೆ ಕೆಡಲು ಶುರುವಾಯಿತು. ರುದ್ರಮ್ಮ ಮೂಟೆ ತಲೆಗೇರಿಸಿಕೊಂಡು, "ಬಂದ್ರೆ ಬರ್ಲಿ ಬಿಡೇ. ಪಲ್ಪರ್ ನೀರು ನಾವು ನೋಡದ್ದಾ?" ಅಂತ ಮುಂದೆ ನಡೆದಳು.

ಕಾಡು ಶುರುವಾಗುವ ಕಡೆ ನಾಣಯ್ಯ ಅನ್ನುವ ಗೌಡರ ಮನೆ. ಅವರ ಹೆಂಡತಿ ಪೂವಮ್ಮ ಅಂಗಳದಲ್ಲಿ ಒಳ್ಳೆಮೆಣಸಿನ ಕಾಳು ಒಣಗಲು ಹರಡುತ್ತಿದ್ದರು. ಮನೆಯಲ್ಲಿ ಆ ಕಡೆಯ ಗೌಡರ ಅರೆಭಾಷೆ, ನಾವು ಇದೆ ಅನ್ನುವುದಕ್ಕೆ ಅವರು ಉಟ್ಟು ಅನ್ನುತ್ತಾರೆ. ಲೈನಿನವರ ಜೊತೆ ಅರ್ಧ ಅದು, ಅರ್ಧ ನಮ್ಮ ಕನ್ನಡ.

"ಎಲ್ಲಿಗೆ ರುದ್ರಮ್ಮ, ಮೂಟೆ ಸಮೇತ? ಅಬ್ಬಿಗಾ?"

"ಹೂಂ ಕಣಕ್ಕಾ. ಕಂಬಳಿ ಒಗೆದು, ಮಿಂದು, ಉಂಡು ಬರೋದು."

ಪೂವಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಬೆಟ್ಟದ ಕಡೆ ನೋಡಿದರು. "ಕೋಟೆಬೆಟ್ಟಲಿ ಮೋಡ ಉಟ್ಟು. ಬೆಳಗ್ಗೆಂದಲೇ ಕೂತುಟ್ಟು. ಬೇಗ ಮುಗ್ಸಿ. ನೀರು ಬಣ್ಣ ತಿರುಗಿದ್ರೆ ದಡ ಹತ್ತಿ ಮೇಲೆ ಬನ್ನಿ."

ರುದ್ರಮ್ಮ ನಕ್ಕಳು. "ಬಣ್ಣ ತಿರುಗೋದು ಪಲ್ಪರ್ ನೀರಿಂದ ಅಲ್ವಾ ಅಕ್ಕಾ? ಅದಕ್ಕೆಲ್ಲ ದಡ ಹತ್ತುತ್ತಾ ಕೂತ್ರೆ ಕಂಬಳಿ ಒಗೆಯೋದು ಯಾವಾಗ? ನಡುಗಲ್ಲ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡ್ರೆ ಅದರ ಪಾಡಿಗೆ ಅದು ಹೋಗುತ್ತೆ."

"ಪಲ್ಪರ್ ನೀರೇ ಅಂತ ಹೆಂಗೆ ಗೊತ್ತಾದು?"

"ವಾಸನೆ ಬರುತ್ತಲ್ಲ, ಹುಳಿ ವಾಸನೆ!"

"ವಾಸನೆ ನೋಡಿಕಂಡು ನಿಲ್ಬೇಡಿ ಮಾರಾಯ್ತಿ," ಅಂದರು ಪೂವಮ್ಮ. "ಕೆಂಪಾದ ಕೂಡ್ಲೆ ನಾನಾದ್ರೆ ದನಗಳ್ನ ಹೊಡ್ಕಂಡು ಮೇಲೆ ಬನ್ನೆ. ಯಾವ ನೀರು ಅಂತ ಆಮೇಲೆ ನೋಡ್ದು."

ರುದ್ರಮ್ಮ ಆಯ್ತಾಯ್ತು ಅಂತ ಕೈಯಾಡಿಸಿ ಹೊರಟಳು. ದನಕ್ಕೆ ಹೇಳಿದ ಮಾತನ್ನು ತನಗೆ ಹೇಳಿದರಲ್ಲ ಅಂತ ದಾರಿಯುದ್ದಕ್ಕೂ ಗೊಣಗಿದಳು. ಮುದ್ದಿ ಒಮ್ಮೆ ತಲೆಯೆತ್ತಿ ನೋಡಿದಳು. ಮರದ ಸಂದಿಯಲ್ಲಿ ಚುರ್ರೆನ್ನುವ ಬಿಸಿಲು, ನೀಲಿ ಆಕಾಶ. ಮೋಡ ಅನ್ನುತ್ತಾರೆ, ಎಲ್ಲಿದೆ ಮೋಡ?

ಅಬ್ಬಿಯ ಹತ್ತಿರ ಬಂದ ಕೂಡಲೇ ಅವಳು ಅದೆಲ್ಲ ಮರೆತಳು. ಅಯ್ಯೋ, ಎಂಥ ಜಾಗ ಅದು! ಕಪ್ಪು ಬಂಡೆಯ ಮೇಲಿಂದ ನೀರು ಸಣ್ಣಗೆ, ಅವಸರವಿಲ್ಲದೆ ಇಳಿಯುತ್ತಿತ್ತು. ಕೆಳಗೆ ತಿಳಿಯಾದ ಗುಂಡಿ. ತಳದ ಕಲ್ಲುಗಳನ್ನು ಎಣಿಸಬಹುದಿತ್ತು. ಸುತ್ತ ಬಿದಿರು, ತಂಪು. ಹಳ್ಳದ ನಡುವೆ ಚಪ್ಪಟೆಯಾದ ಒಂದು ದೊಡ್ಡ ಕಲ್ಲು, ಅದೇ ನಡುಗಲ್ಲು. ದಡದಲ್ಲಾದರೆ ಮುಳ್ಳು, ಕಚ್ಚುವ ಚಿಗಳಿ ಇರುವೆ, ಹಾಗಾಗಿ ಬಟ್ಟೆ ಒಣಗಿಸಲು, ಉಣ್ಣಲು, ಕೂದಲು ಬಿಚ್ಚಿ ಹರಟಲು ಎಲ್ಲರಿಗೂ ಆ ನಡುಗಲ್ಲೇ ಬೇಕು. ಮೊಣಕಾಲುದ್ದ ನೀರು ದಾಟಿದರೆ ಸಾಕಿತ್ತು.

ಕಂಬಳಿ ತುಳಿದು ತುಳಿದು ಒಗೆದರು. ಚಿನ್ನಿಯನ್ನು ಗುಂಡಿಯ ಅಂಚಿನಲ್ಲಿ ಕೂರಿಸಿ ಮೀಯಿಸಿದರು. ಅದು ನೀರಿಗೆ ಬಡಿದು ಬಡಿದು ಕೇಕೆ ಹಾಕಿತು. ಅಕ್ಕಿರೊಟ್ಟಿಗೆ ಒಣಸೀಗಡಿ ಚಟ್ನಿ ಹಚ್ಚಿಕೊಂಡು ತಿಂದರು. ಮೈಯ ಕೆರೆತ ಹೋಗಿ ಮುದ್ದಿಗೆ ಹಾಯೆನಿಸಿತು. ಇಲ್ಲಿಗೆ ಬಂದ ಮೇಲೆ ಅವಳು ಮನಸಾರೆ ನಕ್ಕದ್ದು ಅವತ್ತೇ.

ಆಗ ದೂರದಲ್ಲೆಲ್ಲೋ ಗುಡುಗಿತು.

"ಹೂಮಳೆ! ಅವ್ವಾ, ಹೂಮಳೆ!" ಅಂತ ಸೋಮಿ ಕುಣಿದಳು. ರುದ್ರಮ್ಮ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. "ಸುರಿಯಪ್ಪಾ, ಚೆನ್ನಾಗಿ ಸುರಿ. ಹೂ ಬಿಟ್ರೆ ಬರೋ ವರ್ಷವೂ ನಮಗೆ ಹಣ್ಣು ಕುಯ್ಯೋ ಕೆಲಸ ಇರುತ್ತೆ."

ಮುದ್ದಿಯೂ ಕೈ ಮುಗಿದಳು. ಇಲ್ಲಿ ಗುಡುಗಿದರೆ ಖುಷಿ ಪಡಬೇಕು ಅಂತ ಕಲಿತಿದ್ದಳಲ್ಲ. ಅವರ ತಲೆಯ ಮೇಲೆ ಮಾತ್ರ ಬಿಸಿಲು ಹಾಗೇ ಇತ್ತು.

ಸ್ವಲ್ಪ ಹೊತ್ತಾಗಿರಬೇಕು. ಗುಂಡಿಯ ತಳದ ಕಲ್ಲು ಕಾಣದಾಯಿತು. ಅಬ್ಬಿಯಿಂದ ಬೀಳುವ ನೀರು ಕಂದು ತಿರುಗಿತ್ತು.

"ಪಲ್ಪರ್ ನೀರು!" ಅಂತ ಕೂಗಿದಳು ರುದ್ರಮ್ಮ. "ಕಂಬಳಿ ಎತ್ರೇ, ನಡುಗಲ್ಲಿಗೆ ಹಾಕಿ! ಒಗೆದದ್ದೆಲ್ಲ ಕೊಳೆಯಾಗುತ್ತೆ!"

ಎಲ್ಲರೂ ಒದ್ದೆ ಕಂಬಳಿಗಳನ್ನು ಎಳೆದಾಡಿ ನಡುಗಲ್ಲ ಮೇಲೆ ಗುಡ್ಡೆ ಹಾಕಿದರು. ಚಿನ್ನಿಯನ್ನೂ ಎತ್ತಿ ಅಲ್ಲೇ ಕೂರಿಸಿದರು. ರುದ್ರಮ್ಮ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಎಷ್ಟೋ ವರ್ಷದಿಂದ ಆ ಲೈನಿನವರು ಮಾಡಿಕೊಂಡು ಬಂದದ್ದೇ ಅದು. ಕೊಳೆ ನೀರು ಬಂದರೆ ನಡುಗಲ್ಲು ಹತ್ತುವುದು, ಅದು ಹೋದ ಮೇಲೆ ಇಳಿಯುವುದು. ಅದರಲ್ಲಿ ತಪ್ಪಿದೆ ಅಂತ ಯಾರಿಗಾದರೂ ಹೇಗೆ ಹೊಳೆಯಬೇಕು?

ಮುದ್ದಿ ಮಾತ್ರ ನಿಂತೇ ಇದ್ದಳು. ನೀರನ್ನು ನೋಡಿದಳು. ಕಾಫಿ ಸಿಪ್ಪೆ ತೇಲಿ ಬರುತ್ತಿತ್ತು, ಹೌದು. ಹಾಗಾದರೆ ಅತ್ತೆ ಹೇಳಿದ್ದೇ ಸರಿ. ಆದರೆ ಒಣಗಿದ ಎಲೆ, ಕಡ್ಡಿಗಳೂ ಬರುತ್ತಿದ್ದವಲ್ಲ? ಮೂಗು ಎಳೆದು ನೋಡಿದಳು. ಹುಳಿ ವಾಸನೆಯೋ, ಮಣ್ಣಿನ ವಾಸನೆಯೋ? ಒಮ್ಮೆ ಅದು, ಒಮ್ಮೆ ಇದು ಅನಿಸಿತು.

"ಅತ್ತೇ, ಇದು ಪಲ್ಪರ್ ನೀರೇನಾ?"

"ಇನ್ನೇನು ನಿಮ್ಮಪ್ಪನ ಮನೆ ಪಾನಕವೇ? ಕೂತ್ಕೊಳ್ಳೇ ಸುಮ್ನೆ."

"ಎಲೆ ಬರ್ತಾ ಇದೆ…"

"ಕಾಡಲ್ಲಿ ಎಲೆ ಬರದೆ ದುಡ್ಡು ಬರುತ್ತಾ?"

ಸೋಮಿ ಪಕ್ಕದಲ್ಲೇ ಏನೋ ಹೇಳಿದಳು. ಮುದ್ದಿಗೆ ಕೇಳಿಸಲಿಲ್ಲ. ಆಗಲೇ ಅವಳಿಗೆ ಗೊತ್ತಾಗಿದ್ದು, ಅಬ್ಬಿಯ ಸದ್ದು ದಪ್ಪವಾಗಿದೆ ಅಂತ. ಅಥವಾ ತನ್ನ ಕಿವಿಗೇ ನೀರು ಹೋಗಿದೆಯೋ? ಹೆದರಿದ್ದಕ್ಕೆ ಹೀಗೆಲ್ಲ ಅನಿಸುತ್ತಿದೆಯೋ? ಪೂವಮ್ಮ ದಡ ಹತ್ತಿ ಅಂದರು. ಅತ್ತೆ ಕೂತುಕೋ ಅನ್ನುತ್ತಾಳೆ. ಗುಡುಗಿಗೆ ಹೆದರಬೇಕೋ, ಕೈ ಮುಗಿಯಬೇಕೋ? ಆಕಾಶ ನೋಡಿದರೆ ಬಿಸಿಲು. ಅವಳಿಗೆ ನಿಜವಾಗಿ ಏನೂ ತಿಳಿಯುತ್ತಿರಲಿಲ್ಲ. ತಿಳಿದಿದ್ದು ಒಂದೇ. ಕಲ್ಲಿನ ಅಂಚಿನಲ್ಲಿ ಚಿನ್ನಿ ಕೂತಿದೆ, ಅದರ ಕಾಲಿನ ಹೆಬ್ಬೆರಳಿಗೆ ನೀರು ತಾಗುತ್ತಿದೆ. ಈಗ ತಾನೇ ತಾಗುತ್ತಿರಲಿಲ್ಲ.

ಮುದ್ದಿ ಮಗಳನ್ನು ಬಾಚಿ ಕಂಕುಳಿಗೆ ಹಾಕಿಕೊಂಡು ನೀರಿಗಿಳಿದಳು.

"ಏಯ್! ಎಲ್ಲಿಗೇ? ಮಗುಗೆ ಕೊಳೆನೀರು ತಾಗಿಸ್ಬೇಡ, ಕಜ್ಜಿಯಾಗುತ್ತೆ!"

ಮುದ್ದಿ ಮುಂದೆ ಹೆಜ್ಜೆಯಿಟ್ಟಳು. ಬರುವಾಗ ಮೊಣಕಾಲಿಗಿದ್ದ ನೀರು ಈಗ ತೊಡೆಗೆ ಬಂದಿತ್ತು. ಕಾಲು ಜಾರಿತು, ಸಾವರಿಸಿಕೊಂಡಳು. ದಡ ಸಿಕ್ಕಿತು. ಮುಳ್ಳು ಗೀರಿದರೂ ಬಿಡದೆ ಬಿದಿರಿನ ಬುಡ ಹಿಡಿದು ಮೇಲೆ ಹತ್ತಿದಳು.

"ಅತ್ತೇ, ಸೋಮೀ, ಬನ್ನಿ! ಬಂದ್ಬಿಡಿ!"

"ನೀನು ಬಾರೇ ಕೆಳಗೆ! ನನಗೇ ಬನ್ನಿ ಅಂತೀಯಾ?"

ಮುದ್ದಿ ಕೆಳಗೆ ಬರಲಿಲ್ಲ. ಇನ್ನೂ ಮೇಲೆ ಹೋದಳು.

ಈಗ ರುದ್ರಮ್ಮನ ಪಿತ್ತ ನೆತ್ತಿಗೇರಿತು. ಅವಳ ಮಾತಿಗೆ ಆ ಲೈನಿನಲ್ಲಿ ಮೇಸ್ತ್ರಿ ಕೂಡ ಬೆನ್ನು ತಿರುಗಿಸಿದವನಲ್ಲ. ನಿನ್ನೆ ಮೊನ್ನೆ ಬಂದ ಸೊಸೆ ತಿರುಗಿಸಿದಳು ಅಂದರೆ! ಎಲೆಅಡಿಕೆ ಎಸೆದು ಎದ್ದಳು. "ಬಾರೇ ಸೋಮಿ, ನೀನೂ ಬಾ. ಇವತ್ತು ಇವಳ ಮೈ ಚಳಿ ಬಿಡಿಸ್ತೀನಿ, ನೀನೇ ಸಾಕ್ಷಿ!" ಅಂತ ಮಗಳ ರಟ್ಟೆ ಹಿಡಿದು ಎಳೆದುಕೊಂಡು ನೀರಿಗಿಳಿದಳು. ನೀರು ಸೊಂಟಕ್ಕೆ ಬಂದದ್ದು ಆ ಸಿಟ್ಟಿನಲ್ಲಿ ಅವಳ ಗಮನಕ್ಕೇ ಬರಲಿಲ್ಲ. ಬೈಯುತ್ತಲೇ ದಾಟಿದಳು, ಬೈಯುತ್ತಲೇ ದಡ ಹತ್ತಿದಳು. ಏದುಸಿರು ಬಿಡುತ್ತಾ ಸೊಸೆಯ ಎದುರು ನಿಂತು ಹೊಡೆಯಲು ಕೈ ಎತ್ತಿದಳು.

ಅಷ್ಟರಲ್ಲಿ ಬಂತು ನೋಡಿ. ಅಬ್ಬಿಯ ಬಂಡೆಯೇ ಕಾಣದಂತೆ ಕೆಂಪು ನೀರು, ಮರದ ದಿಮ್ಮಿ, ಬೇರುಸಮೇತ ಬಿದಿರಿನ ಮೆಳೆ. ಧಡಧಡ ಅಂತ ನೆಲ ನಡುಗಿತು. ನಡುಗಲ್ಲ ಮೇಲೆ ನೀರು ಹಾರಿ ಹೋಯಿತು. ಕಂಬಳಿಗಳ ಗುಡ್ಡೆ ಒಮ್ಮೆ ಮೇಲೆದ್ದು ಕಾಣೆಯಾಯಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಕಲ್ಲು ಇತ್ತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ರುದ್ರಮ್ಮನ ಎತ್ತಿದ ಕೈ ಹಾಗೇ ನಿಂತಿತ್ತು. ಆಮೇಲೆ ಅಲ್ಲೇ ಕೂತಳು. ಸೋಮಿ ಗೊಳೋ ಅಂತ ಅಳತೊಡಗಿದಳು. ಅವಳ ಅಳು ನೋಡಿ ಚಿನ್ನಿಯೂ ಅತ್ತಿತು.

ರುದ್ರಮ್ಮ ಸೊಸೆಯ ಕಡೆ ತಿರುಗಿ ಕೇಳಿದಳು. "ನಿಂಗೆ ಹೆಂಗೆ ಗೊತ್ತಾಯ್ತೇ?"

"ಗೊತ್ತಾಗ್ಲಿಲ್ಲ ಅತ್ತೆ," ಅಂದಳು ಮುದ್ದಿ. "ಯಾವ ನೀರು ಅಂತ ಏನೂ ಗೊತ್ತಾಗ್ಲಿಲ್ಲ. ಅದಕ್ಕೇ ಮೇಲೆ ಬಂದೆ."

ಸದ್ದು ಕೇಳಿ ಪೂವಮ್ಮ ಕತ್ತಿ ಹಿಡಿದು ಮುಳ್ಳು ಸವರುತ್ತಾ ಓಡಿ ಬಂದರು. ನಾಲ್ವರೂ ಇದ್ದಾರೆ ಅಂತ ನೋಡಿ ಎದೆ ಮುಟ್ಟಿಕೊಂಡರು. ಬೈಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಒಲೆ ಮುಂದೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು.

"ಒಂದ್ ಹನಿ ಮಳೆ ಬೀಳ್ಲಿಲ್ಲ ಅಕ್ಕಾ," ಅಂದಳು ಸೋಮಿ. "ಬಿಸಿಲು ಇತ್ತು!"

"ಇಲ್ಲಿ ಬಿಸಿಲು. ಬೆಟ್ಟಲಿ ಕೊಡಪಾನ ಕವುಚಿದಂಗೆ ಸುರ್ದುಟ್ಟು. ಬೆಟ್ಟದ ನೀರೆಲ್ಲ ಇಳಿಯೋಕೆ ಇರೋದು ಆ ಒಂದೇ ಹಳ್ಳ. ಬೇಸಿಗೆಲಿ ನೆಲ ಗಟ್ಟಿ, ನೀರು ಕುಡಿಯೋದೇ ಇಲ್ಲೆ. ಎಲ್ಲ ಒಟ್ಟಿಗೆ ಬಂದದೆ."

ಅಷ್ಟರಲ್ಲಿ ಹಳ್ಳದ ಸದ್ದು ಕೇಳಿ ಕೆಂಚ ಓಡೋಡಿ ಬಂದ. ಮಗಳನ್ನು ಎತ್ತಿ ಅಪ್ಪಿಕೊಂಡ, ಹೆಂಡತಿಯ ತಲೆ ಮುಟ್ಟಿದ, ತಾಯಿಯ ಕಾಲ ಬಳಿ ಕೂತ. ಉಸಿರು ತಿರುಗಿದ ಮೇಲೆ ಹೇಳಿದ. "ದಾರೀಲಿ ಮೇಲಿನ ತೋಟದವನು ಸಿಕ್ಕಿದ್ದ. ಇವತ್ತು ಅವರ ಪಲ್ಪರೂ ತಿರುಗ್ತಾ ಇತ್ತಂತೆ."

ರುದ್ರಮ್ಮನ ಮುಖ ಅರಳಿತು. "ನೋಡಿದ್ರಾ! ನಾನು ಹೇಳ್ಲಿಲ್ವಾ ಪಲ್ಪರ್ ನೀರು ಅಂತ!"

ಹಾಗೆ ಹೇಳುತ್ತಲೇ ಅವಳು ಮಗನ ಹೆಗಲ ಮೇಲೆ ನಿದ್ದೆಹೋಗಿದ್ದ ಚಿನ್ನಿಯನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಬಾಯಿ ಸೊಟ್ಟಗಾಯಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳು ಅಳುವುದನ್ನು ಕೆಂಚ ನೋಡಿದ್ದು ಅದೇ ಮೊದಲು.

ಮೊದಲು ಕಂದು ತಿರುಗಿದ್ದು ಪಲ್ಪರ್ ನೀರೋ, ಬೆಟ್ಟದ ನೀರೋ, ಎರಡೂ ಕಲೆತು ಬಂತೋ? ಮುದ್ದಿ ಪೂವಮ್ಮನನ್ನೇ ಕೇಳಿದಳು.

"ನಂಗೂ ಗೊತ್ತಿಲ್ಲೆ ಮಗಾ," ಅಂದರು ಪೂವಮ್ಮ. "ನಾನು ಇಲ್ಲೇ ಹುಟ್ಟಿ ಬೆಳೆದವ್ಳು. ನಂಗೂ ಗೊತ್ತಾದ್ಲೆ. ಅದಕ್ಕೇ ನಾನು ಯಾವತ್ತೂ ಹಳ್ಳಲಿ ನಿಂತು ಯೋಚ್ನೆ ಮಾಡ್ದಿಲ್ಲೆ."

ಮುಂದಿನ ವರ್ಷ ಕುಯ್ಲು ಮುಗಿದಾಗ ಲೈನಿನ ಹೆಂಗಸರು ಮೂಟೆ ಕಟ್ಟುತ್ತಿದ್ದರು. ರುದ್ರಮ್ಮ ಸೊಂಟಕ್ಕೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು. "ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರ್ಬೇಕು. ಒಗೆದ ಕಂಬಳಿ ದಡದ ಮೇಲೆ. ನಡುಗಲ್ಲ ಮೇಲೆ ಯಾವಳಾದ್ರೂ ಕೂತದ್ದು ಕಂಡ್ರೆ ಜುಟ್ಟು ಹಿಡಿದು ಎಳೀತೀನಿ." ಒಬ್ಬಳು, "ಮುಳ್ಳಿದೆ ರುದ್ರಮ್ಮಾ, ಇರುವೆ ಇದೆ," ಅಂದಳು. "ಕಚ್ಚಿಸ್ಕೋ," ಅಂದಳು ರುದ್ರಮ್ಮ.

ಈಗ ನಿಮ್ಮ ಮಾತಿಗೆ ಬರೋಣ. ನೀವು ಕಂಬಳಿ ಒಗೆಯಲು ಹೋಗುವವರಲ್ಲ. ಕಾಡಿನೊಳಗೆ ಯಾರೂ ಕಾಣದ ಅಬ್ಬಿ ಇದೆಯಂತೆ, ಸ್ವಲ್ಪ ನಡೆದರೆ ಸಾಕಂತೆ ಅಂತ ಕೇಳಿ ಮಕ್ಕಳನ್ನು ಕರೆದುಕೊಂಡು ಹೊರಡುವವರು. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ನೋಡುವಂಥದ್ದೇ ಅದು. ಆದರೆ ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಎಲ್ಲಿಗೆ ಅಂತ ಹೇಳಿ ಹೊರಡಿ. ದಾರಿಯಲ್ಲಿ ಸಿಗುವ ಮನೆಯವರನ್ನು ಬೆಟ್ಟದಲ್ಲಿ ಮಳೆ ಹೇಗಿದೆ ಅಂತ ಕೇಳಿ. ನಿಮ್ಮ ತಲೆಯ ಮೇಲಿನ ಬಿಸಿಲನ್ನು ನಂಬಬೇಡಿ, ನೀರು ಬರುವುದು ಅಲ್ಲಿಂದಲ್ಲ. ನಡುವಿನ ಕಲ್ಲು ಎಷ್ಟು ಚೆಂದ ಕಂಡರೂ ಅಲ್ಲಿ ಮಕ್ಕಳನ್ನು ಕೂರಿಸಬೇಡಿ. ಬಣ್ಣ ತಿರುಗಲಿ, ಎಲೆಕಡ್ಡಿ ಬರಲಿ, ಸದ್ದು ಬದಲಾಗಲಿ, ಅಥವಾ ಸುಮ್ಮನೆ ನಿಮ್ಮ ಮನಸ್ಸಿಗೆ ಏನೋ ಸರಿಯಿಲ್ಲ ಅನಿಸಲಿ, ಆ ಕ್ಷಣ ದಡ ಹತ್ತಿ ಇನ್ನೂ ಮೇಲೆ ಹೋಗಿ. ಚಪ್ಪಲಿ ಹೋಗಲಿ, ಚೀಲ ಹೋಗಲಿ, ತರಲು ತಿರುಗಿ ಇಳಿಯಬೇಡಿ. ನೀರು ತಗ್ಗುವವರೆಗೆ ದಾಟಬೇಡಿ. ಜೊತೆಯವರು ನಗುತ್ತಾರೆ, ಹೆದರುಪುಕ್ಕಲು ಅನ್ನುತ್ತಾರೆ. ಅನ್ನಲಿ ಬಿಡಿ.

ಗೊತ್ತಾಗದೆ ಇರುವುದು ತಪ್ಪಲ್ಲ ಸ್ವಾಮಿ. ಗೊತ್ತಾಗುವವರೆಗೆ ನೀರಿನಲ್ಲಿ ನಿಲ್ಲುವುದು ತಪ್ಪು. ಮಗುವನ್ನು ಎತ್ತಿಕೊಳ್ಳಿ, ಮೇಲೆ ಬನ್ನಿ. ಅದು ಯಾವ ನೀರು ಅಂತ ಅಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ಜಗಳವಾಡಿ.